ಜೀಪು ಕುದಿಯುವುದೇಕೆ? ಬಿಳೇಕಹಳ್ಳಿಯಲ್ಲಿ ನಿಂತ ಗಾಡಿಯೊಂದು ಹೇಳಿದ ಚರಿತ್ರೆ

ಹೋದ ಏಪ್ರಿಲ್‌ನ ಒಂದು ಮಧ್ಯಾಹ್ನ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ, ಬಿಳೇಕಹಳ್ಳಿ ಹತ್ತಿರ ನಮ್ಮ ಮಾವನ ಜೀಪು ನಿಂತುಬಿಟ್ಟಿತು. ಬೋನೆಟ್ಟಿನ ಸಂದಿಯಿಂದ ಬುಸಬುಸ ಅಂತ ಹಬೆ. ಹಿಂದೆ ನಿಂತವರದು ಹಾರನ್ನೋ ಹಾರನ್ನು.

ಮೂಡಿಗೆರೆ ಕಡೆಯಿಂದ ಬೆಳಗಿನ ಜಾವ ಹೊರಟು ಅತ್ತೆಯನ್ನು ಹೃದಯದ ತಪಾಸಣೆಗೆ ಕರೆತಂದಿದ್ದರು. ಬಸ್ಸಿನಲ್ಲಿ ಅಷ್ಟು ದೂರ ಕೂರುವ ಶಕ್ತಿ ಅತ್ತೆಗಿರಲಿಲ್ಲ. ಜೀಪಿನ ಹಿಂದಿನ ಸೀಟಿಗೆ ಹಾಸಿಗೆ ಹಾಕಿ ಮಲಗಿಸಿಕೊಂಡು ಬಂದಿದ್ದರು. ಬೇಲೂರು, ಹಾಸನ, ಕುಣಿಗಲ್ ದಾಟಿ ಬರುವಾಗ ಒಂದು ಸಲವೂ ತಕರಾರು ಮಾಡದ ಗಾಡಿ, ತಪಾಸಣೆ ಮುಗಿಸಿ ಹೊರಟು ಇನ್ನೂ ಎರಡು ಕಿಲೋಮೀಟರ್ ಆಗಿಲ್ಲ, ಕುದಿಯತೊಡಗಿತು.

ಪಕ್ಕದ ಟೀ ಅಂಗಡಿಯ ಹುಡುಗನೊಬ್ಬ ಓಡಿಬಂದು ಬೋನೆಟ್ಟು ಎತ್ತಿ ರೇಡಿಯೇಟರ್ ಕ್ಯಾಪಿಗೆ ಕೈ ಹಾಕಿದ. ಮಾವ ಕೂಗಿದ ಕೂಗಿಗೆ ರಸ್ತೆಯೇ ತಿರುಗಿ ನೋಡಿತು.

"ಏಯ್, ಮುಟ್ಬೇಡ ಕಣಪ್ಪಾ! ಮುಖ ಸುಟ್ಟೋಗುತ್ತೆ!"

ಹುಡುಗ ಹೆದರಿ ಹಿಂದೆ ಸರಿದ. ಆಮೇಲೆ ಹತ್ತಿರದ ಗ್ಯಾರೇಜಿನಿಂದ ಒಬ್ಬ ಯುವ ಮೆಕ್ಯಾನಿಕ್ ಬಂದ. ಒಳ್ಳೆಯ ಹುಡುಗ. ಸ್ಕ್ಯಾನರ್ ಚುಚ್ಚುವ ಜಾಗ ಎಲ್ಲಿದೆ ಅಂತ ಡ್ಯಾಶ್‌ಬೋರ್ಡಿನ ಕೆಳಗೆ ಹುಡುಕಿದ. ಸಿಗಲಿಲ್ಲ. "ಅಂಕಲ್, ಇಂಥ ಗಾಡಿ ನಾನು ಬಿಚ್ಚೇ ಇಲ್ಲ" ಅಂದ. ಮಾವ ನಕ್ಕರು. ಅತ್ತೆಯನ್ನು ಟೀ ಅಂಗಡಿಯ ನೆರಳಿಗೆ ಕೂರಿಸಿ ನನಗೆ ಹೇಳಿದರು: "ಅರ್ಧ ಗಂಟೆ ಸುಮ್ನಿರು. ಗಾಡಿ ತಣ್ಣಗಾಗ್ಲಿ. ಅದೇ ಹೇಳುತ್ತೆ ಏನಾಗಿದೆ ಅಂತ."

ಆ ಅರ್ಧ ಗಂಟೆಯಲ್ಲಿ ಮಾವ ಹೇಳಿದ್ದು, ಆಮೇಲೆ ನಾನು ಓದಿ ತಿಳಿದುಕೊಂಡದ್ದು ಎರಡೂ ಸೇರಿ ಈ ಬರಹ. ಒಂದು ಮಾತು ಮಾತ್ರ ಈಗಲೇ ಹೇಳುತ್ತೇನೆ. ಹಳೇ ಜೀಪಿನ ಪ್ರತಿಯೊಂದು ತೊಂದರೆಯ ಹಿಂದೆ ಒಂದು ಚರಿತ್ರೆ ಇದೆ. ಆ ಚರಿತ್ರೆ ಗೊತ್ತಿದ್ದವರಿಗೆ ರಿಪೇರಿ ಅರ್ಧ ಮುಗಿದ ಹಾಗೆ.

49 ದಿನದಲ್ಲಿ ಹುಟ್ಟಿದ ಗಾಡಿ

1940ರಲ್ಲಿ ಯುರೋಪಿನಲ್ಲಿ ಯುದ್ಧ ಜೋರಾಗಿತ್ತು. ಅಮೆರಿಕದ ಸೈನ್ಯ 135 ಕಂಪನಿಗಳಿಗೆ ಕಾಗದ ಬರೆಯಿತು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗಬೇಕು, ಹಗುರ ಇರಬೇಕು, ಎಲ್ಲಿ ಬೇಕಾದರೂ ಹತ್ತಬೇಕು, ಮಾದರಿ ಗಾಡಿ 49 ದಿನದಲ್ಲಿ ಕೈಸೇರಬೇಕು. ಬ್ಯಾಂಟಮ್ ಎಂಬ ಸಣ್ಣ ಕಂಪನಿ ಆ ಗಡುವಿಗೆ ಸರಿಯಾಗಿ, ಆ ವರ್ಷದ ಸೆಪ್ಟೆಂಬರ್ 23ರಂದು ಗಾಡಿ ತಂದು ನಿಲ್ಲಿಸಿತು. ಆಮೇಲೆ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳೂ ತಮ್ಮ ಮಾದರಿ ತಂದವು.

ಗೆದ್ದದ್ದು ವಿಲ್ಲೀಸ್‌ನ ಇಂಜಿನ್. ಬಾರ್ನಿ ರೂಸ್ ಎಂಬ ಇಂಜಿನಿಯರ್ ಹಳೇ ಕಾರೊಂದರ ಇಂಜಿನನ್ನೇ ತಿದ್ದಿ ತೀಡಿ 48 ಕುದುರೆಶಕ್ತಿಯಿಂದ 60ಕ್ಕೆ ಏರಿಸಿದ್ದರು. ಆದರೆ ಆ ಇಂಜಿನ್ ಭಾರ. ಗಾಡಿಯ ಒಟ್ಟು ತೂಕ 2160 ಪೌಂಡ್, ಅಂದರೆ ಸುಮಾರು 980 ಕಿಲೋ ದಾಟಬಾರದು ಅಂತ ಸೈನ್ಯದ ಷರತ್ತು. ಒಂದೊಂದು ಭಾಗದಲ್ಲೂ ತೂಕ ಇಳಿಸುತ್ತಾ ಹೋದರು.

ನಮ್ಮ ಜೀಪಿನ ಸ್ವಭಾವಕ್ಕೆ ಮೂಲ ಇಲ್ಲೇ ಇದೆ. ಸಣ್ಣ ಮೈ, ಕಿರಿದಾದ ಮೂತಿ, ಅದರೊಳಗೆ ಗಟ್ಟಿ ಇಂಜಿನ್. ಬಿಚ್ಚಿ ಕೂಡಿಸುವುದು ಸುಲಭ. ಮೆಕ್ಯಾನಿಕ್ ಅಲ್ಲದ ಸೈನಿಕನೂ ಸ್ಪ್ಯಾನರ್ ಹಿಡಿದು ರಸ್ತೆ ಬದಿಯಲ್ಲಿ ಸರಿ ಮಾಡಿಕೊಳ್ಳಬೇಕು ಅನ್ನುವ ಲೆಕ್ಕ. ಬ್ಯಾಟರಿ ಸತ್ತರೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಿದರೆ ಸಾಕು. ಯುದ್ಧ ಮುಗಿಯುವ ಹೊತ್ತಿಗೆ ಇಂಥ ಗಾಡಿಗಳು ಆರು ಲಕ್ಷಕ್ಕೂ ಹೆಚ್ಚು ತಯಾರಾಗಿದ್ದವು. ಇವನ್ನು ಮಾಡಿದ್ದು ಯುದ್ಧ ಗೆಲ್ಲುವುದಕ್ಕೆ. ಮೂರು ತಲೆಮಾರು ಓಡಿಸುವುದಕ್ಕೆ ಅಂತ ಯಾರೂ ಅಂದುಕೊಂಡಿರಲಿಲ್ಲ.

ಬೆಂಗಳೂರಿಗೂ ಆ ಯುದ್ಧ ಬಂದಿತ್ತು. 1943ರಲ್ಲಿ ಇಲ್ಲಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯನ್ನು ಅಮೆರಿಕದ ವಾಯುಪಡೆ ವಹಿಸಿಕೊಂಡು ತನ್ನ ವಿಮಾನಗಳ ರಿಪೇರಿ ಡಿಪೋ ಮಾಡಿಕೊಂಡಿತು. ಅಮೆರಿಕದ ಸೈನ್ಯ ಇದ್ದ ಕಡೆ ಜೀಪೂ ಇತ್ತು.

ಹಳೇ ಜೀಪಿನ ಮೊದಲ ಪಾಠ

ಯುದ್ಧ ಮುಗಿದ ಮೇಲೆ ಲೋಕದ ತುಂಬ ಹಳೇ ಜೀಪುಗಳು. ಸ್ವತಂತ್ರ ಭಾರತದ ಮೊದಲ ದೊಡ್ಡ ಹಗರಣ ಅಂತ ಹೆಸರಾದದ್ದೂ ಜೀಪಿನ ವ್ಯವಹಾರವೇ. 1948ರಲ್ಲಿ ಕಾಶ್ಮೀರದಲ್ಲಿ ಯುದ್ಧ ನಡೆಯುತ್ತಿತ್ತು. ಸೈನ್ಯಕ್ಕೆ ತುರ್ತಾಗಿ ಜೀಪು ಬೇಕಿತ್ತು. ಲಂಡನ್ನಿನಲ್ಲಿ ಭಾರತದ ಹೈಕಮಿಷನರ್ ಆಗಿದ್ದ ವಿ.ಕೆ. ಕೃಷ್ಣ ಮೆನನ್ ಸುಮಾರು 80 ಲಕ್ಷ ರೂಪಾಯಿಯ ಒಪ್ಪಂದಕ್ಕೆ ಸಹಿ ಹಾಕಿದರು. ಬಂದಿಳಿದದ್ದು 155 ಜೀಪು. ಅವು ಸೈನ್ಯದ ಕೆಲಸಕ್ಕೆ ಬರಲಿಲ್ಲ. ಸಂಸತ್ತಿನಲ್ಲಿ ವರ್ಷಗಟ್ಟಲೆ ಗದ್ದಲವಾಯಿತು. 1955ರಲ್ಲಿ ಸರ್ಕಾರ ಪ್ರಕರಣ ಮುಗಿಯಿತು ಅಂದಿತು.

ರಾಜಕೀಯ ಹಾಗಿರಲಿ. ಗಾಡಿ ಕೊಳ್ಳುವವನಿಗೆ ಇದರಲ್ಲಿರುವ ಪಾಠ ಸರಳ. ಹಳೇ ಜೀಪಿನ ಬಣ್ಣ ನೋಡಿ ದುಡ್ಡು ಕೊಡಬಾರದು. ತಣ್ಣಗಿರುವಾಗ ನೀವೇ ಸ್ಟಾರ್ಟ್ ಮಾಡಿಸಿ, ಅರ್ಧ ಗಂಟೆ ಓಡಿಸಿ, ಬಿಸಿಯಾದ ಮೇಲೆ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿ ನೋಡಬೇಕು. ಮಾರುವವನು ನೀವು ಬರುವ ಮೊದಲೇ ಇಂಜಿನ್ ಬಿಸಿ ಮಾಡಿ ಇಟ್ಟಿದ್ದರೆ, ಕೇಳಿ: ಯಾಕೆ?

ಜೀಪು ಊರಿಗೆ ಬಂದದ್ದು

ಮಹೀಂದ್ರ ಕಂಪನಿ 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆ ಅಂತ ಶುರುವಾದದ್ದು. ಆಗ ಅದರ ಹೆಸರು ಮಹೀಂದ್ರ ಅಂಡ್ ಮಹಮ್ಮದ್. ಪಾಲುದಾರರಾಗಿದ್ದ ಗುಲಾಮ್ ಮಹಮ್ಮದ್ ದೇಶ ವಿಭಜನೆಯಾದಾಗ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. ಇತ್ತ 1947ರಲ್ಲಿ ಕಂಪನಿ ವಿಲ್ಲೀಸ್ ಜೀಪನ್ನು ಭಾರತದ ರಸ್ತೆಗೆ ತಂದಿತು. ಮೊದಮೊದಲು ಬಿಡಿಭಾಗ ತರಿಸಿ ಮುಂಬಯಿಯಲ್ಲಿ ಜೋಡಿಸುತ್ತಿದ್ದರು. ನಿಧಾನಕ್ಕೆ ಇಲ್ಲೇ ತಯಾರಿಸತೊಡಗಿದರು.

ಹಳ್ಳಿಯಲ್ಲಿ ಜೀಪು ಅಂದರೆ ಮೊದಲು ಸರ್ಕಾರ. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯಿತು. ಬ್ಲಾಕು, ಬಿಡಿಓ, ಗ್ರಾಮಸೇವಕ ಅನ್ನುವ ಪದಗಳು ನಮ್ಮೂರಿಗೆ ಬಂದದ್ದು ಆಗ. ಅಮೆರಿಕದ ನೆರವಿನ ಜೊತೆ ಜೀಪುಗಳೂ ಬಂದವು. ಡಿಡಿಟಿ ಹೊಡೆಯುವವರ ಜೀಪು, ಪೊಲೀಸ್ ಜೀಪು, ಓಟಿನ ಜೀಪು, ಅರಣ್ಯ ಇಲಾಖೆ ಜೀಪು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಕುಟುಂಬ ಯೋಜನೆಯ ಜೀಪಿನ ಸದ್ದು ಕೇಳಿದರೆ ಗಂಡಸರು ಗದ್ದೆಗೆ ಓಡುತ್ತಿದ್ದರು ಅಂತ ಹಿರಿಯರು ಈಗಲೂ ನಗುತ್ತಾ ಹೇಳುತ್ತಾರೆ. ಆಗ ಅದು ನಗುವ ವಿಷಯ ಆಗಿರಲಿಲ್ಲ.

ಮಲೆನಾಡಿನಲ್ಲಿ ಕಥೆ ಬೇರೆ. ಅಲ್ಲಿ ಕಾಫಿ ತೋಟದ ದಾರಿ, ಮಳೆಗಾಲದ ಕೆಸರು, ಸೇತುವೆ ಇಲ್ಲದ ಹಳ್ಳ. ಬಸ್ಸು ಬಾರದ ಊರಿಗೆ ಜೀಪೇ ಬಸ್ಸು. ಹೆರಿಗೆ ನೋವು ಬಂದರೆ ಜೀಪೇ ಆಂಬ್ಯುಲೆನ್ಸು. ಇಲಾಖೆಗಳು ಹರಾಜು ಹಾಕಿದ ಜೀಪುಗಳನ್ನು ಜನ ಕೊಂಡರು. ನಮ್ಮ ಅಜ್ಜ ಕೊಂಡದ್ದೂ ಹಾಗೆಯೇ, ಎಪ್ಪತ್ತರ ದಶಕದಲ್ಲಿ, ಒಂದು ಪೆಟ್ರೋಲ್ ಜೀಪು.

ಕೊಡಗಿಗೆ ಇನ್ನೊಂದು ಗಾಡಿ ಬಂತು, ಜೋಂಗಾ. ಜಪಾನಿನ ನಿಸಾನ್ ಮಾದರಿಯದು. ಜಬಲ್ಪುರದ ಸರ್ಕಾರಿ ಕಾರ್ಖಾನೆಯಲ್ಲಿ 1969ರಿಂದ ಸೈನ್ಯಕ್ಕಾಗಿ ತಯಾರಾಗುತ್ತಿತ್ತು. ಆರು ಸಿಲಿಂಡರಿನ, ಹತ್ತಿರ ಹತ್ತಿರ 4 ಲೀಟರಿನ ಪೆಟ್ರೋಲ್ ಇಂಜಿನ್. ಸೈನ್ಯ ಹರಾಜು ಹಾಕಿದ ಜೋಂಗಾಗಳು ಕೊಡಗಿನ ತೋಟಗಳಿಗೆ ಬಂದವು. ಮನೆಗೊಬ್ಬ ಸೈನಿಕ ಇರುವ ನಾಡಿನಲ್ಲಿ ಸೈನ್ಯದ ಗಾಡಿಗೆ ಅಂಜುವವರು ಯಾರು?

ಪೆಟ್ರೋಲ್ ಕಾಲದ ಕಾಟಗಳು

ಯುದ್ಧಕಾಲದ ಇಂಜಿನ್ನಿನಲ್ಲಿ ಎಲ್ಲ ವಾಲ್ವುಗಳೂ ಬ್ಲಾಕಿನ ಪಕ್ಕದಲ್ಲೇ ಇದ್ದವು. ಆಮೇಲಿನ ಸಿಜೆ 3ಬಿ ಜೀಪಿನಲ್ಲಿ ಪೆಟ್ರೋಲ್ ಒಳಗೆ ಬರುವ ವಾಲ್ವನ್ನು ತಲೆಯ ಮೇಲೆ ಇಟ್ಟರು. ಇಂಜಿನ್ ಎತ್ತರವಾಯಿತು, ಬೋನೆಟ್ಟೂ ಎತ್ತರವಾಯಿತು. ಜೀಪಿನ ಹುಚ್ಚಿರುವವರು ಇವತ್ತಿಗೂ 'ಲೋ ಬೋನೆಟ್', 'ಹೈ ಬೋನೆಟ್' ಅಂತ ಮಾತಾಡುವುದು ಇದಕ್ಕೇ. ಹೊಗೆ ಹೊರಹೋಗುವ ವಾಲ್ವು ಮಾತ್ರ ಬ್ಲಾಕಿನಲ್ಲೇ ಉಳಿಯಿತು. ಉರಿದ ಹೊಗೆಯ ಬಿಸಿ ಬ್ಲಾಕಿಗೆ, ಅಲ್ಲಿಂದ ನೀರಿಗೆ. ರೇಡಿಯೇಟರ್ ಚೊಕ್ಕಟವಾಗಿಲ್ಲದಿದ್ದರೆ ಈ ಇಂಜಿನ್ ಕ್ಷಮಿಸುವುದಿಲ್ಲ.

ಪೆಟ್ರೋಲ್ ಜೀಪು ಬಿಸಿಲಿನಲ್ಲಿ ನಿಂತು, ಮತ್ತೆ ಸ್ಟಾರ್ಟ್ ಆಗದೆ ಸತಾಯಿಸುವುದಕ್ಕೆ ಇನ್ನೊಂದು ಕಾರಣವಿದೆ. ಇಂಜಿನ್ನಿನ ಶಾಖಕ್ಕೆ ಪೈಪಿನಲ್ಲೇ ಪೆಟ್ರೋಲ್ ಆವಿಯಾಗುತ್ತದೆ. ಪಂಪು ದ್ರವವನ್ನು ಎಳೆಯಬಲ್ಲದು, ಆವಿಯನ್ನಲ್ಲ. ಹಳೇ ಡ್ರೈವರುಗಳು ಒದ್ದೆ ಬಟ್ಟೆಯನ್ನು ಪೆಟ್ರೋಲ್ ಪಂಪಿನ ಮೇಲೆ ಸುತ್ತಿ ಹತ್ತು ನಿಮಿಷ ಕಾಯುತ್ತಿದ್ದರು. ನೋಡಿದವರಿಗೆ ಇದು ಮಂತ್ರದ ಹಾಗೆ ಕಂಡರೂ ಸರಿಯಾದ ವಿಜ್ಞಾನವೇ. ತಣ್ಣಗಾದರೆ ಆವಿ ಮತ್ತೆ ಪೆಟ್ರೋಲ್ ಆಗುತ್ತದೆ.

ಮಳೆಗಾಲದಲ್ಲಿ ಬೇರೆ ಕಾಟ. ಹಳ್ಳ ದಾಟಿದ ಕೂಡಲೇ ಇಂಜಿನ್ ಕೆಮ್ಮಿದರೆ ಡಿಸ್ಟ್ರಿಬ್ಯೂಟರಿಗೆ ನೀರು ನುಗ್ಗಿದೆ ಅಂತ ಅರ್ಥ. ಕ್ಯಾಪು ಬಿಚ್ಚಿ ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಎಳೆಯದೆ, ಮಧ್ಯೆ ಮಧ್ಯೆ ಪಟಾಕಿ ಹೊಡೆದರೆ ಪಾಯಿಂಟು ಸುಟ್ಟಿದೆ ಅಥವಾ ಕಂಡೆನ್ಸರ್ ಹೋಗಿದೆ. ಪಾಯಿಂಟಿನ ಗ್ಯಾಪು ಬದಲಾದರೆ ಕಿಡಿ ಬರುವ ಸಮಯವೂ ಬದಲಾಗುತ್ತದೆ. ಕಿಡಿ ತಡವಾದರೆ ಶಕ್ತಿ ಕಮ್ಮಿ, ಬಿಸಿ ಜಾಸ್ತಿ. ಹೀಗೆ ಕರೆಂಟಿನ ತೊಂದರೆಯೂ ಕೊನೆಗೆ ರೇಡಿಯೇಟರಿನಲ್ಲಿ ಕುದಿಯುವುದುಂಟು.

ಡೀಸೆಲ್ ಬಂತು, ಹೊಸ ಕಾಟ ತಂತು

1973ರಲ್ಲಿ ಅರಬ್ ದೇಶಗಳ ತೈಲ ನಿರ್ಬಂಧ ಶುರುವಾಯಿತು. ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ನಾಲ್ಕು ಪಟ್ಟು ಏರಿತು. ಪೆಟ್ರೋಲ್ ಜೀಪು ಇಟ್ಟವರಿಗೆ ಆನೆ ಸಾಕಿದ ಹಾಗಾಯಿತು. ಆಗ ಜನ ಪೆಟ್ರೋಲ್ ಇಂಜಿನ್ ಇಳಿಸಿ ಡೀಸೆಲ್ ಇಂಜಿನ್ ಕೂರಿಸತೊಡಗಿದರು. ಕಂಪನಿಯೂ ಟ್ರಾಕ್ಟರ್ ವಂಶದ ಡೀಸೆಲ್ ಇಂಜಿನ್ನನ್ನು ಜೀಪಿಗೆ ತಂದಿತು. ಎಂಬತ್ತರ ದಶಕದಲ್ಲಿ ಫ್ರಾನ್ಸಿನ ಪ್ಯೂಜೋ ಮಾದರಿಯ ಡೀಸೆಲ್ ಇಂಜಿನ್ ಹೊತ್ತ ಎಂಎಂ 540 ಬಂತು. ಜೋಂಗಾಗಳ ಹೊಟ್ಟೆಗೂ ಡೀಸೆಲ್ ಇಂಜಿನ್ ಇಳಿಯಿತು.

ಡೀಸೆಲ್ ಕಾಲಕ್ಕೂ ಬಿಳೇಕಹಳ್ಳಿ ಸುತ್ತಮುತ್ತಲಿಗೂ ಒಂದು ನಂಟಿದೆ. 1951ರಲ್ಲಿ ಸ್ಥಾಪನೆಯಾದ ಮೋಟರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಮೈಕೋ, ಆಡುಗೋಡಿಯಲ್ಲಿ ಕಾರ್ಖಾನೆ ಕಟ್ಟಿತು. ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪು, ನಾಝಲ್ ಇಲ್ಲಿ ತಯಾರಾಗುತ್ತಿದ್ದವು. ದೇಶದ ಯಾವ ಮೂಲೆಯ ಲಾರಿ, ಟ್ರಾಕ್ಟರ್, ಜೀಪಿನ ಬೋನೆಟ್ಟು ಎತ್ತಿದರೂ ಮೈಕೋ ಅನ್ನುವ ಹೆಸರು ಕಾಣುವ ಕಾಲವೊಂದಿತ್ತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಅಂತಾಯಿತು. ಆದರೆ ಬಿಳೇಕಹಳ್ಳಿಯ ನೆರೆಯಲ್ಲಿ ಬಿಟಿಎಂ ಕಡೆ ಒಂದು ಮೈಕೋ ಲೇಔಟು, ಅರೆಕೆರೆ ಕಡೆ ಇನ್ನೊಂದು ಮೈಕೋ ಲೇಔಟು ಇವತ್ತಿಗೂ ಇವೆ. ನಮ್ಮ ಹಳ್ಳಿಯ ಪಂಪ್ ಸೆಟ್ಟು ನಡೆಸಿದ ಹೆಸರು ಇಲ್ಲಿ ಬಸ್ಸಿನ ಬೋರ್ಡಿನಲ್ಲಿ ಉಳಿದಿದೆ.

ಡೀಸೆಲ್ ಗಾಡಿಗೆ ಪಾಯಿಂಟು, ಪ್ಲಗ್ಗಿನ ಕಾಟ ಇಲ್ಲ. ಬದಲಿಗೆ ಏರ್ ಹಿಡಿಯುವ ಕಾಟ. ಟ್ಯಾಂಕು ಖಾಲಿಯಾಗುವ ತನಕ ಓಡಿಸಿದರೆ ಅಥವಾ ಪೈಪಿನ ವಾಷರ್ ಸವೆದರೆ ಡೀಸೆಲ್ ಜೊತೆ ಗಾಳಿ ಸೇರುತ್ತದೆ. ಆಮೇಲೆ ಎಷ್ಟು ಸೆಲ್ಫ್ ಹೊಡೆದರೂ ಬ್ಯಾಟರಿ ಸಾಯುತ್ತದೆಯೇ ಹೊರತು ಇಂಜಿನ್ ಏಳುವುದಿಲ್ಲ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತುತ್ತಾ ಹೋಗಬೇಕು. ನೊರೆ ನೊರೆಯಾಗಿ ಬರುತ್ತಿದ್ದ ಡೀಸೆಲ್ ಗುಳ್ಳೆ ಇಲ್ಲದೆ ಬಂದಾಗ ಸ್ಕ್ರೂ ಬಿಗಿ ಮಾಡಬೇಕು. ಇದು ಗೊತ್ತಿದ್ದರೆ ಕಾಡಿನ ನಡುವೆ ರಾತ್ರಿ ಕಳೆಯುವುದು ತಪ್ಪುತ್ತದೆ.

ಇನ್ನೊಂದು ಕಾಟ ಯಾರ ಗಮನಕ್ಕೂ ಬಾರದ್ದು. ಬೇರೆ ಇಂಜಿನ್ ಕೂರಿಸುವಾಗ ಎಲ್ಲರೂ ಗೇರ್ ಬಾಕ್ಸಿಗೆ ಕೂಡುತ್ತದೆಯೇ ಅಂತ ನೋಡಿದರು. ಫ್ಯಾನು ರೇಡಿಯೇಟರಿನಿಂದ ಎಷ್ಟು ದೂರ ಉಳಿಯಿತು, ಅದರ ಸುತ್ತ ಕವರ್ ಇದೆಯೇ ಅಂತ ನೋಡಿದವರು ಕಮ್ಮಿ. ಈ ಮಾತಿಗೆ ಮತ್ತೆ ಬರುತ್ತೇನೆ.

ಎಲ್ಲಿ ಕುದಿಯಿತು ಅನ್ನುವುದೇ ಉತ್ತರ

ಬಿಳೇಕಹಳ್ಳಿಯಲ್ಲಿ ಮಾವ ಮೊದಲು ಕೇಳಿದ್ದು ಇಂಜಿನ್ನಿಗೆ ಏನಾಯಿತು ಅಂತಲ್ಲ. "ಎಲ್ಲಿ ಕುದಿದದ್ದು?" ಅಂತ. ತಾವೇ ಉತ್ತರವನ್ನೂ ಹೇಳಿದರು. ಇದನ್ನು ನೆನಪಿಟ್ಟುಕೊಳ್ಳಿ, ಯಾವ ಹಳೇ ಗಾಡಿಗೂ ಹೊಂದುತ್ತದೆ.

ನಿಂತಾಗ ಅಥವಾ ಟ್ರಾಫಿಕ್ಕಿನಲ್ಲಿ ತೆವಳುವಾಗ ಮಾತ್ರ ಕಾದರೆ ತೊಂದರೆ ಗಾಳಿಯದು. ಫ್ಯಾನು, ಫ್ಯಾನ್ ಬೆಲ್ಟು, ರೇಡಿಯೇಟರಿನ ಮುಂದಿನ ಜಾಲರಿ ನೋಡಿ. ಓಡುವಾಗ ಎದುರುಗಾಳಿ ಈ ತೊಂದರೆಯನ್ನು ಮುಚ್ಚಿಡುತ್ತದೆ.

ಹೈವೇಯಲ್ಲಿ ಜೋರಾಗಿ ಓಡುವಾಗ ಅಥವಾ ಭಾರ ಹೊತ್ತು ಘಾಟಿ ಹತ್ತುವಾಗ ಕಾದರೆ ತೊಂದರೆ ನೀರಿನದು. ರೇಡಿಯೇಟರಿನ ಒಳಗೆ ಕಟ್ಟಿಕೊಂಡಿದೆ, ವಾಟರ್ ಪಂಪು ಸವೆದಿದೆ ಅಥವಾ ಕೆಳಗಿನ ಹೋಸ್ ಪೈಪು ಮೆತ್ತಗಾಗಿ ಒಳಕ್ಕೆ ಎಳೆದುಕೊಳ್ಳುತ್ತಿದೆ.

ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೆಲವೇ ನಿಮಿಷಕ್ಕೆ ಕಾದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ತಣ್ಣಗಿರುವಾಗ ಕ್ಯಾಪು ತೆಗೆದು ಸ್ಟಾರ್ಟ್ ಮಾಡಿದರೆ ನೀರಿನಲ್ಲಿ ಗುಳ್ಳೆ ಏಳಬಹುದು. ಆಯಿಲ್ ಕಡ್ಡಿ ಎಳೆದರೆ ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣದಲ್ಲಿದ್ದರೆ ನೀರು ಬೆರೆತಿದೆ. ಹಾಗಿದ್ದಾಗ ಮನೆ ತನಕ ಹೋಗೋಣ ಅನ್ನುವ ಆಸೆ ಬಿಡಿ. ಗಾಡಿ ಎಳೆಸಿಕೊಂಡು ಹೋಗುವ ಖರ್ಚು ಇಂಜಿನ್ ಕೆಲಸದ ಖರ್ಚಿಗಿಂತ ಕಮ್ಮಿ.

ಕಾಟೆ ಮೇಲಿದೆ, ಆದರೆ ಹಬೆ ಇಲ್ಲ, ವಾಸನೆ ಇಲ್ಲ, ಎಳೆತ ಸರಿಯಿದೆ ಅಂದರೆ ಮೀಟರೇ ಸುಳ್ಳು ಹೇಳುತ್ತಿರಬಹುದು. ಆದರೂ ನಿಲ್ಲಿಸಿ ನೋಡಿ.

ಎಲ್ಲ ಸರಿಯಿದ್ದೂ ಕಾಯುತ್ತಿದ್ದರೆ ಚಕ್ರ ಮುಟ್ಟಿ ನೋಡಿ. ಬ್ರೇಕು ಹಿಡಿದುಕೊಂಡಿದ್ದರೆ ಡ್ರಮ್ಮು ಸುಡುತ್ತಿರುತ್ತದೆ. ಎಳೆಯಲಾರದ ಎತ್ತು ಬೆವರುವ ಹಾಗೆ ಇಂಜಿನ್ನೂ ಕಾಯುತ್ತದೆ.

ಬೆಟ್ಟದ ಮೇಲೆ ನೀರು ಬೇಗ ಕುದಿಯುತ್ತದೆ

ಸಮುದ್ರ ಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ ಅಂತ ಶಾಲೆಯಲ್ಲಿ ಓದಿದ್ದೇವೆ. ಮೇಲೆ ಹೋದಷ್ಟೂ ಗಾಳಿಯ ಒತ್ತಡ ಕಮ್ಮಿ, ಹಾಗಾಗಿ ನೀರು ಕುದಿಯುವುದೂ ಬೇಗ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97 ಡಿಗ್ರಿ ಸಾಕು. 1930 ಮೀಟರಿನ ಮುಳ್ಳಯ್ಯನಗಿರಿಯಲ್ಲಿ 94ರ ಸುಮಾರಿಗೇ ಕುದಿಯುತ್ತದೆ.

ಈ ಕೊರತೆ ತುಂಬುವುದೇ ರೇಡಿಯೇಟರ್ ಕ್ಯಾಪು. ಅದು ಬರಿಯ ಮುಚ್ಚಳ ಅಲ್ಲ. ಒಳಗೆ ಸ್ಪ್ರಿಂಗ್ ಇದೆ, ವಾಷರ್ ಇದೆ, ಒತ್ತಡ ಹಿಡಿದಿಡುತ್ತದೆ. ಒಂದೊಂದು ಪೌಂಡ್ ಒತ್ತಡಕ್ಕೂ ಕುದಿಯುವ ಹಂತ ಸುಮಾರು ಒಂದೂವರೆ ಡಿಗ್ರಿ ಮೇಲಕ್ಕೆ ಹೋಗುತ್ತದೆ. ವಾಷರ್ ಹರಿದ ಕ್ಯಾಪಿನಿಂದಲೇ ಎಷ್ಟೋ ಜೀಪುಗಳು ಕುದಿಯುತ್ತವೆ. ಜನ ಇಂಜಿನ್ ಬಿಚ್ಚಿಸುತ್ತಾರೆ, ಕ್ಯಾಪು ಬದಲಿಸುವುದಿಲ್ಲ.

ಬಿಸಿ ಇರುವಾಗ ಕ್ಯಾಪು ತೆಗೆಯಬಾರದು ಅನ್ನುವುದಕ್ಕೂ ಇದೇ ಕಾರಣ. ಒತ್ತಡದಲ್ಲಿ 100 ಡಿಗ್ರಿ ದಾಟಿದ ನೀರು ಒಳಗಿರುತ್ತದೆ. ಕ್ಯಾಪು ತಿರುಗಿಸಿದ ಕ್ಷಣ ಒತ್ತಡ ಇಳಿದು, ಅಷ್ಟೂ ನೀರು ಒಮ್ಮೆಲೇ ಕುದಿದು ಮುಖಕ್ಕೆ ಹಾರುತ್ತದೆ. ಪ್ರೆಷರ್ ಕುಕ್ಕರನ್ನು ಕೂಗುವಾಗ ಯಾರಾದರೂ ತೆಗೆಯುತ್ತಾರೆಯೇ?

ಹಾಗಾದರೆ ಏನು ಮಾಡಬೇಕು? ಬದಿಗೆ ನಿಲ್ಲಿಸಿ, ಹಬೆ ಬರುತ್ತಿದ್ದರೆ ಇಂಜಿನ್ ಆಫ್ ಮಾಡಿ, ಬೋನೆಟ್ಟು ಎತ್ತಿ, ಕನಿಷ್ಠ ಅರ್ಧ ಗಂಟೆ ಕಾಯಿರಿ. ಮೇಲಿನ ಹೋಸ್ ಪೈಪು ಕೈಯಲ್ಲಿ ಹಿಡಿದುಕೊಳ್ಳುವಷ್ಟು ತಣ್ಣಗಾಗಿ, ಒತ್ತಿದರೆ ಮೆತ್ತಗಿದ್ದರೆ, ದಪ್ಪ ಗೋಣಿ ಬಟ್ಟೆ ಹಾಕಿ ನಿಧಾನಕ್ಕೆ ಕ್ಯಾಪು ತಿರುಗಿಸಿ. ಇಂಜಿನ್ ಸ್ಟಾರ್ಟ್ ಮಾಡಿ, ಸ್ವಲ್ಪ ಸ್ವಲ್ಪವೇ ನೀರು ಹಾಕಿ. ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ಸುರಿದರೆ ಬಿರುಕು ಬಿಡುತ್ತದೆ. ಬ್ಲಾಕು ಬಿರಿದರೆ ಗುಜರಿಗೇ.

ಯಾವ ನೀರು ಅನ್ನುವುದೂ ಮುಖ್ಯ. ಬಯಲುಸೀಮೆಯ ಬೋರ್‌ವೆಲ್ ನೀರು ಗಡಸು. ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಅದೇ ರೇಡಿಯೇಟರಿನ ಕೊಳವೆಯಲ್ಲೂ ಕಟ್ಟುತ್ತದೆ. ಮಲೆನಾಡಿನ ಹಳ್ಳದ ನೀರು ಮೃದು, ಆದರೆ ತುಕ್ಕು, ಕೆಸರು. ಕೂಲೆಂಟ್ ಬೆರೆಸಿದರೆ ಎರಡೂ ತೊಂದರೆ ಕಮ್ಮಿ. ದುಡ್ಡಿಲ್ಲದಿದ್ದರೆ ಸೋಸಿದ ಮಳೆನೀರು ಬೋರ್ ನೀರಿಗಿಂತ ಎಷ್ಟೋ ವಾಸಿ.

ಥರ್ಮೋಸ್ಟಾಟ್ ವಾಲ್ವು ಕಿತ್ತು ಬಿಸಾಡಿದರೆ ಹೀಟ್ ಆಗುವುದಿಲ್ಲ ಅನ್ನುವುದು ನಮ್ಮ ಗ್ಯಾರೇಜುಗಳ ಹಳೇ ನಂಬಿಕೆ. ಕೆಟ್ಟು ಮುಚ್ಚಿಕೊಂಡ ವಾಲ್ವು ತೆಗೆದು ಮನೆ ಸೇರುವುದು ಸರಿ. ಆದರೆ ಅದಿಲ್ಲದೆ ವರ್ಷಗಟ್ಟಲೆ ಓಡಿಸಿದರೆ ಚಳಿಯಲ್ಲಿ ಇಂಜಿನ್ ಬೇಕಾದಷ್ಟು ಬೆಚ್ಚಗಾಗುವುದೇ ಇಲ್ಲ. ಎಣ್ಣೆ ಜಾಸ್ತಿ ಕುಡಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ.

ಸೋರುವುದು, ನಡುಗುವುದು, ಕಿರುಚುವುದು

ಜೀಪಿನ ಕೆಳಗೆ ಆಯಿಲ್ ಬಿದ್ದಿಲ್ಲ ಅಂದರೆ ಒಳಗೆ ಆಯಿಲ್ ಇಲ್ಲ ಅಂತ ಡ್ರೈವರುಗಳ ತಮಾಷೆ ಇದೆ. ಆದರೆ ಒಂದು ಸೋರಿಕೆ ತಮಾಷೆಯಲ್ಲ. ಹಳೇ ಜೀಪಿನಲ್ಲಿ ಹ್ಯಾಂಡ್ ಬ್ರೇಕಿನ ಡ್ರಮ್ಮು ಚಕ್ರದಲ್ಲಿಲ್ಲ. ಫೋರ್ ವೀಲ್ ಗೇರ್ ಪೆಟ್ಟಿಗೆಯ ಹಿಂಬದಿಯಲ್ಲಿದೆ. ಪೆಟ್ಟಿಗೆಯ ಆಯಿಲ್ ಸೀಲು ಹೋದರೆ ಎಣ್ಣೆ ನೇರ ಆ ಡ್ರಮ್ಮಿಗೆ ಇಳಿಯುತ್ತದೆ. ಹ್ಯಾಂಡ್ ಬ್ರೇಕು ಎಳೆದಿದ್ದೇವೆ ಅಂತ ಇಳಿಜಾರಿನಲ್ಲಿ ಬಿಟ್ಟುಹೋದರೆ ಗಾಡಿ ತಾನೇ ಹೊರಡುತ್ತದೆ. ಚಕ್ರಕ್ಕೆ ಕಲ್ಲು ಕೊಡುವ ಅಭ್ಯಾಸ ಹುಟ್ಟಿದ್ದು ಸುಮ್ಮನೆ ಅಲ್ಲ.

ಗುಂಡಿಗೆ ಬಿದ್ದ ಕೂಡಲೇ ಸ್ಟೀರಿಂಗ್ ಗಡಗಡ ನಡುಗಿ, ನಿಲ್ಲಿಸುವ ತನಕ ಬಿಡದಿದ್ದರೆ ಕಿಂಗ್ ಪಿನ್ ಬೇರಿಂಗು, ಟೈ ರಾಡ್ ತುದಿಗಳು ಸವೆದಿವೆ. ಚಕ್ರದ ಅಲೈನ್‌ಮೆಂಟ್ ಮಾಡಿಸಿ ಸುಮ್ಮನಾಗಬೇಡಿ. ಒಬ್ಬರು ಸ್ಟೀರಿಂಗ್ ಅಲ್ಲಾಡಿಸಲಿ, ಇನ್ನೊಬ್ಬರು ಕೆಳಗೆ ಮಲಗಿ ಯಾವ ಜಾಯಿಂಟು ಸಡಿಲವಾಗಿ ಆಡುತ್ತಿದೆ ಅಂತ ನೋಡಲಿ.

ಫಸ್ಟ್ ಗೇರು ಹಾಕುವಾಗ ಕಿರುಚಿದರೆ ಹೆದರಬೇಡಿ. ಹಳೇ ಪೆಟ್ಟಿಗೆಯಲ್ಲಿ ಫಸ್ಟಿಗೆ ಹಲ್ಲು ಹೊಂದಿಸಿಕೊಡುವ ವ್ಯವಸ್ಥೆಯೇ ಇಲ್ಲ. ಗಾಡಿ ಪೂರ್ತಿ ನಿಲ್ಲಿಸಿ ಹಾಕಿ ಅಥವಾ ಹಿರಿಯರಿಂದ ಡಬಲ್ ಕ್ಲಚ್ ಕಲಿಯಿರಿ. ಇನ್ನೊಂದು ಮಾತು, ಟಾರು ರಸ್ತೆಯಲ್ಲಿ ಫೋರ್ ವೀಲ್ ಹಾಕಿಕೊಂಡು ಓಡಿಸಬೇಡಿ. ತಿರುವಿನಲ್ಲಿ ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಓಡಬೇಕು. ಕೆಸರಿನಲ್ಲಾದರೆ ಜಾರಿ ಸರಿ ಮಾಡಿಕೊಳ್ಳುತ್ತವೆ. ಟಾರಿನಲ್ಲಿ ಜಾರದೆ ಪೆಟ್ಟಿಗೆಯೇ ಹಿಂಡಿಕೊಳ್ಳುತ್ತದೆ.

ಏನು ಉಳಿಯುತ್ತದೆ?

ಕೊಡಚಾದ್ರಿಗೆ, ಮಡಿಕೇರಿಯ ಮಾಂದಲಪಟ್ಟಿಗೆ, ಕೆಮ್ಮಣ್ಣುಗುಂಡಿ ಹತ್ತಿರದ ಹೆಬ್ಬೆ ಜಲಪಾತಕ್ಕೆ ಹೋದವರು ಜೀಪಿನಲ್ಲೇ ಹೋಗಿರುತ್ತೀರಿ. ಆ ದಾರಿಯಲ್ಲಿ ಓಡಿಸುವವರಿಗೆ ಇಂಜಿನ್ನಿನ ಸದ್ದೇ ಮೀಟರು. ಆದರೆ ಆ ವಿದ್ಯೆ ಪುಸ್ತಕದಲ್ಲಿ ಇಲ್ಲ. ಗ್ಯಾರೇಜಿನಲ್ಲಿ ಟೀ ತರುವ ಹುಡುಗನಾಗಿ ಸೇರಿ, ಸ್ಪ್ಯಾನರ್ ಎತ್ತಿಕೊಟ್ಟು, ಬೈಸಿಕೊಂಡು ಕಲಿತದ್ದು. ಕಲಿಸುವವರಿಗೆ ವಯಸ್ಸಾಗುತ್ತಿದೆ. ಕಲಿಯುವವರು ಬೆಂಗಳೂರಿಗೆ ಬಂದಿದ್ದಾರೆ, ನನ್ನ ಹಾಗೆ.

ಕಾನೂನೂ ಬದಲಾಗುತ್ತಿದೆ. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ರದ್ದಾಗಿ ಅವು ಗುಜರಿಗೆ ಹೋಗಬೇಕು. ಅಂದರೆ ನಮ್ಮ ಅಜ್ಜಂದಿರು ಇಲಾಖೆಯ ಜೀಪು ಹರಾಜಿನಲ್ಲಿ ಕೊಂಡು ಇನ್ನೊಂದು ಜನ್ಮ ಕೊಡುತ್ತಿದ್ದ ದಾರಿ ಮುಚ್ಚಿತು. ಖಾಸಗಿ ಗಾಡಿಗೆ 15 ವರ್ಷದ ಮೇಲೆ ಎಫ್‌ಸಿ ಮಾಡಿಸಿ, ಐದೈದು ವರ್ಷಕ್ಕೆ ನೋಂದಣಿ ಮುಂದುವರಿಸಬಹುದು. ಹೊಗೆ ಉಗುಳುವ ಗಾಡಿ ಊರಿಗೂ ಕೇಡು ಅನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಳ್ಳದಾಚೆಯ ಮನೆಗೆ ಇನ್ನೂ ಆಂಬ್ಯುಲೆನ್ಸ್ ಬರುವುದಿಲ್ಲ. ಅಲ್ಲಿ ಗಾಡಿಯನ್ನು ಚೊಕ್ಕಟವಾಗಿ ಇಟ್ಟುಕೊಳ್ಳುವ ವಿದ್ಯೆ ಶೋಕಿಯಲ್ಲ, ಜೀವದ ಪ್ರಶ್ನೆ.

ಈಗ ಬಿಳೇಕಹಳ್ಳಿಗೆ ವಾಪಸ್ ಬರೋಣ. ಅರ್ಧ ಗಂಟೆ ಆಯಿತು. ಮಾವ ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಲ್ಲಿ ಒತ್ತಿದರು. ಅರ್ಧ ಇಂಚು ಇಳಿಯಬೇಕಾದದ್ದು ಒಂದೂವರೆ ಇಂಚು ಇಳಿಯಿತು. ರೇಡಿಯೇಟರಿನ ಮುಂದೆ ಟಾರ್ಚು ಬಿಟ್ಟರೆ ಬೆಳಕು ಆಚೆ ಕಾಣಲಿಲ್ಲ. ಕಾಫಿ ಸಿಪ್ಪೆಯ ಧೂಳು, ಹುಳ, ಕೆಸರು ಗಟ್ಟಿಯಾಗಿ ಕೂತಿತ್ತು. ಫ್ಯಾನಿಗೂ ರೇಡಿಯೇಟರಿಗೂ ನಡುವೆ ಒಂದು ಗೇಣು ಜಾಗ, ಸುತ್ತ ಕವರ್ ಇಲ್ಲ.

"ನಿಮ್ಮಜ್ಜ ಡೀಸೆಲ್ ಇಂಜಿನ್ ಕೂರಿಸಿದಾಗ ಉಳಿದ ಜಾಗ ಇದು" ಅಂದರು ಮಾವ. "ಊರಲ್ಲಿ ತಂಪು, ಹೈವೇಲಿ ಗಾಳಿ. ನಲವತ್ತು ವರ್ಷ ಗೊತ್ತೇ ಆಗ್ಲಿಲ್ಲ. ಇಲ್ಲಿ ಸಿಗ್ನಲ್ಲಲ್ಲಿ ನಿಂತಾಗ ಬಾಯಿ ಬಿಡ್ತು ನೋಡು."

ಯುವ ಮೆಕ್ಯಾನಿಕ್ ಡೈನಮೋ ಬೋಲ್ಟು ಸಡಿಲಿಸಿ ಬೆಲ್ಟು ಎಳೆದು ಬಿಗಿ ಮಾಡಿದ. ಗ್ಯಾರೇಜಿನಿಂದ ಪೈಪು ತಂದು ರೇಡಿಯೇಟರಿಗೆ ಇಂಜಿನ್ ಕಡೆಯಿಂದ ಹೊರಕ್ಕೆ ನೀರು ಹೊಡೆದ. ಮುಂದಿನಿಂದ ಹೊಡೆದರೆ ಕೊಳೆ ಇನ್ನೂ ಒಳಕ್ಕೆ ಹೋಗುತ್ತದೆ ಅಂತ ಮಾವ ಹೇಳಿಕೊಟ್ಟರು. ಕವರ್ ಇಲ್ಲದೆ ಮುಂದೆ ಮತ್ತೆ ಕಾಯಬಹುದು ಅಂತ ಅವನೇ ಒಂದು ತಗಡು ಹುಡುಕಿ ತಂದ. ಕತ್ತರಿಸಿ, ಬಗ್ಗಿಸಿ, ನಾಲ್ಕು ಸ್ಕ್ರೂ ಹಾಕಿ ಫ್ಯಾನಿನ ಸುತ್ತ ಕೂರಿಸಿದರು. ಇಬ್ಬರೂ ಸೇರಿ ಒಂದೂವರೆ ತಾಸು. ಬೋನೆಟ್ಟು ಮುಚ್ಚುವ ಮೊದಲು ಹುಡುಗ ಫೋನಿನಲ್ಲಿ ಫೋಟೊ ತೆಗೆದುಕೊಂಡ.

"ಯಾತಕ್ಕಪ್ಪಾ?" ಅಂದರು ಮಾವ.

"ಇನ್ನೊಂದ್ಸಲ ಇಂಥದ್ದು ಬಂದ್ರೆ ಗೊತ್ತಿರ್ಲಿ ಅಂತ, ಅಂಕಲ್."

ಸಂಜೆ ಆರಕ್ಕೆ ಹೊರಟರು. ರಾತ್ರಿ ಹಾಸನದಲ್ಲಿ ನಿಲ್ಲಿಸಿ ಅತ್ತೆಗೆ ಇಡ್ಲಿ ಕೊಡಿಸಿ ಫೋನ್ ಮಾಡಿದರು. ಕಾಟೆ ಅರ್ಧ ದಾಟಿಲ್ಲ ಅಂದರು.

ನಿಮ್ಮೂರಲ್ಲೂ ಒಂದು ಹಳೇ ಜೀಪು ಇರುತ್ತದೆ, ಅದರ ಸದ್ದು ಗೊತ್ತಿರುವ ಒಬ್ಬರು ಹಿರಿಯರೂ ಇರುತ್ತಾರೆ. ಮಳೆಗಾಲ ಬರುವ ಮೊದಲು ಒಂದು ಭಾನುವಾರ ಅವರ ಜೊತೆ ಬೋನೆಟ್ಟು ಎತ್ತಿ ನಿಂತುಕೊಳ್ಳಿ. ಫ್ಯಾನ್ ಬೆಲ್ಟು ಒತ್ತಿ ನೋಡುವುದರಿಂದ ಶುರು ಮಾಡಿ.